ಮುಚ್ಚಿದ ಕಟಿಂಗ್ ಅಂಗಡಿ: ಕೊಪ್ಪಳ ಜಿಲ್ಲೆಯ ಒಂದು ಬಹಿಷ್ಕಾರ ಪ್ರಕರಣ

ಕೊಪ್ಪಳ ಜಿಲ್ಲೆಯ ಮಳೆ ನಂಬಿದ ಹಳ್ಳಿಯೊಂದರಲ್ಲಿ 2024ರ ದೀಪಾವಳಿಯಿಂದ ಮುಂದಿನ ವರ್ಷದ ಮುಂಗಾರಿನವರೆಗೆ ನಡೆದ ಪ್ರಕರಣ ಇದು. ಊರು, ತಾಲ್ಲೂಕು, ಠಾಣೆ ಯಾವುದನ್ನೂ ಹೆಸರಿಸಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದೂರು ಕೊಟ್ಟ ಹುಡುಗನನ್ನು ಹನುಮಂತ ಅಂತಲೂ, ಅವನ ತಾಯಿಯನ್ನು ದುರ್ಗವ್ವ ಅಂತಲೂ ಕರೆಯುತ್ತೇನೆ. ಅವು ಅವರ ನಿಜವಾದ ಹೆಸರುಗಳಲ್ಲ. ನಾನು ಆಗ ಉಪವಿಭಾಗ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ಅಧಿಕಾರೇತರ ಸದಸ್ಯನಾಗಿದ್ದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಸಮಿತಿ ಅದು.

ಬೆಂಕಿ ಬಿದ್ದಾಗ, ರಕ್ತ ಹರಿದಾಗ ಏನು ಮಾಡಬೇಕೆಂದು ಅಧಿಕಾರಿಗಳಿಗೆ ಗೊತ್ತಿರುತ್ತದೆ. ಯಾರೂ ಕೈ ಎತ್ತದೆ, ಸುಮ್ನೆ ಬಾಗಿಲು ಎಳೆದುಕೊಂಡು ಒಂದು ಕೇರಿಯನ್ನೇ ಹಸಿವಿಗೆ ದೂಡಿದಾಗ ಏನು ಮಾಡಬೇಕು? ಅದು ಬಹಳ ಜನರಿಗೆ ಹೊಳೆಯುವುದಿಲ್ಲ. ಈ ಪ್ರಕರಣದಲ್ಲಿ ಒಬ್ಬ ಅಧಿಕಾರಿಗೆ ಹೊಳೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಊರು ಮತ್ತು ಆಗಿನ ಗಾಳಿ

ಊರಿಗೆ ಒಂದೇ ಕಟಿಂಗ್ ಅಂಗಡಿ, ಬಸ್ ನಿಲ್ಲುವ ಜಾಗದಲ್ಲಿ. ಅದರ ಪಕ್ಕ ಎರಡು ಹೋಟೆಲ್. ಬೆಳಿಗ್ಗೆ ಮಿರ್ಚಿ, ಒಗ್ಗರಣಿ, ಚಹಾ. ದಲಿತರ ಕೇರಿ ಇರುವುದು ಹಳ್ಳದ ಆಚೆ. ಅಲ್ಲಿನ ಕೆಲವು ಮನೆಗಳಿಗೆ ಒಂದೋ ಎರಡೋ ಎಕರೆ ಉಂಟು, ಉಳಿದವರಿಗೆ ಕೂಲಿಯೇ ಗತಿ. ಹರೆಯದವರು ಗೋವಾ, ಮಂಗಳೂರು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಉಳಿದವರು ಹತ್ತಿ ಬಿಡಿಸುವುದು, ಕಡಲೆ ಕೀಳುವುದು, ಶೇಂಗಾ ಆರಿಸುವುದು ಹೀಗೆ ಸುಗ್ಗಿಯಿಂದ ಸುಗ್ಗಿಗೆ ಬದುಕುತ್ತಾರೆ.

ಕೇರಿಯವರು ಆ ಅಂಗಡಿಯಲ್ಲಿ ಎಂದೂ ಕೂತವರಲ್ಲ. ಕೂದಲು ಕತ್ತರಿಸಿಕೊಳ್ಳಲು ತಾಲ್ಲೂಕು ಊರಿಗೆ ಹೋಗುತ್ತಿದ್ದರು. ಟಂಟಂ ಆಟೊಗೆ ಕೊಡುವ ದುಡ್ಡು ಕಟಿಂಗ್‌ಗಿಂತ ಜಾಸ್ತಿ ಆಗುತ್ತಿತ್ತು. ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ, ಕುಡಿಯುವುದು ಹೊರಗೆ ನಿಂತು. ಇದನ್ನು ಕೇರಿಯ ಹಿರಿಯರು ದೂರು ಅಂತ ಹೇಳುತ್ತಲೇ ಇರಲಿಲ್ಲ. ಕೇಳಿದರೆ "ಮೊದ್ಲಿಂದ ಹಂಗೇ ಐತ್ರಿ" ಅನ್ನುತ್ತಿದ್ದರು.

ಅಂಗಡಿಯಾತನ ಸ್ಥಿತಿಯನ್ನೂ ಹೇಳಬೇಕು. ಅವರದೂ ಸಣ್ಣ ಸಮುದಾಯ, ಊರಲ್ಲಿ ಬೆರಳೆಣಿಕೆಯ ಮನೆಗಳು. ಅಂಗಡಿಯ ಜಾಗ ಊರ ಹಿರಿಯರೊಬ್ಬರದು. ಹೊಲ ಇದ್ದ ಕೆಲವು ಮನೆತನಗಳಿಂದ ಈಗಲೂ ಸುಗ್ಗಿಯಲ್ಲಿ ಅವನ ಕೆಲಸಕ್ಕೆ ಪ್ರತಿಯಾಗಿ ಆಯದ ಕಾಳು ಬರುತ್ತಿತ್ತು. ಕತ್ತರಿ ಅವನ ಕೈಯಲ್ಲಿತ್ತು. ಯಾರ ತಲೆ ಮುಟ್ಟಬೇಕು ಅನ್ನುವ ತೀರ್ಮಾನ ಅವನ ಕೈಯಲ್ಲಿ ಇರಲಿಲ್ಲ.

ಆ ಹೊತ್ತಿಗೆ ಜಿಲ್ಲೆಯ ಗಾಳಿ ಬಿಸಿಯಾಗಿತ್ತು. 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದಂಗಡಿಯಲ್ಲಿ ಜಗಳವಾಗಿ ದಲಿತ ಯುವಕನೊಬ್ಬ ಕತ್ತರಿ ಇರಿತಕ್ಕೆ ಬಲಿಯಾಗಿದ್ದ. ಅಕ್ಟೋಬರ್‌ನಲ್ಲಿ ಮರಕುಂಬಿ ಪ್ರಕರಣದ ತೀರ್ಪು ಬಂತು. ಗಂಗಾವತಿ ತಾಲ್ಲೂಕಿನ ಆ ಊರಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಲಾಗಿತ್ತು. ಅಲ್ಲಿಯೂ ಜಗಳದ ಹಿಂದೆ ಕ್ಷೌರದಂಗಡಿ ಮತ್ತು ಹೋಟೆಲಿಗೆ ಬಿಟ್ಟುಕೊಳ್ಳದ ಹಳೆಯ ಕಥೆ ಇತ್ತು. ಕೊಪ್ಪಳದ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರು ಎಂದಿತು, 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು ನಿಜ. ಆದರೆ ಆ ತೀರ್ಪು ಹಳ್ಳಿಹಳ್ಳಿಯ ಕಟ್ಟೆಯ ಮೇಲೆ ಚರ್ಚೆಯಾಯಿತು.

ನಮ್ಮ ಪ್ರಕರಣದ ಊರಲ್ಲಿ ಆ ಚರ್ಚೆಯಿಂದ ಹುಟ್ಟಿದ ಬುದ್ಧಿ ಬೇರೆಯದೇ. ಹೊಡೆಯಬೇಡಿ, ಬೈಯಬೇಡಿ, ಕೇಸ್ ಆಗುತ್ತದೆ. ಮಾತು ನಿಲ್ಲಿಸಿ, ಕೆಲಸ ನಿಲ್ಲಿಸಿ, ಅದಕ್ಕೆ ಯಾವ ಕೇಸು?

ದೀಪಾವಳಿಯ ಮಾರನೆ ದಿನ

ಹನುಮಂತ ಐಟಿಐ ಓದಿದ ಹುಡುಗ. ಬೆಂಗಳೂರಿನಲ್ಲಿ ಕೆಲಸ. ಹಬ್ಬಕ್ಕೆ ಊರಿಗೆ ಬಂದವನು ನೇರ ಕಟಿಂಗ್ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತ. ಸರದಿ ಬಂದಾಗ ಅಂಗಡಿಯಾತ ಮೆಲ್ಲಗೆ, "ತಮ್ಮಾ, ನನಗೇನೂ ತಕರಾರಿಲ್ಲೋ. ನಿಮ್ ತಲಿಗೆ ಹಚ್ಚಿದ ಕತ್ರಿ ಇವ್ರ ತಲಿಗೆ ಬ್ಯಾಡ ಅಂತಾರ" ಅಂದ. ಕಾಯುತ್ತಿದ್ದವರಲ್ಲಿ ಒಬ್ಬ ಜಾತಿ ಹೆಸರು ಹಿಡಿದು ಒಂದು ಮಾತು ಆಡಿದ. ಹನುಮಂತ ಎದುರು ಮಾತಾಡಲಿಲ್ಲ. ಹೊರಗೆ ಬಂದು 14566ಕ್ಕೆ ಫೋನ್ ಮಾಡಿದ. ಪರಿಶಿಷ್ಟರ ಮೇಲಿನ ದೌರ್ಜನ್ಯದ ದೂರು ತೆಗೆದುಕೊಳ್ಳಲು 2021ರ ಡಿಸೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ ಅದು. ಕರೆ ಉಚಿತ.

ಆ ಒಂದು ಫೋನ್ ಕರೆಗೆ ದಿನಾಂಕ ಇತ್ತು, ದೂರಿನ ಸಂಖ್ಯೆ ಇತ್ತು. ಮುಂದೆ ಎಲ್ಲರೂ "ಅಂಥದ್ದೇನೂ ಆಗಿಲ್ಲ" ಅಂದಾಗ ಉಳಿದ ಮೊದಲ ದಾಖಲೆ ಅದೇ ಆಯಿತು.

ಮೊದಲ ಪ್ರಯತ್ನ: ಶಾಂತಿ ಸಭೆ

ದೂರು ತಾಲ್ಲೂಕಿಗೆ ಬಂತು. ಸ್ಥಳೀಯ ಅಧಿಕಾರಿಗಳು ಮಾಡಿದ್ದು ಎಲ್ಲ ಕಡೆ ಮಾಡುವುದನ್ನೇ. ಊರಲ್ಲಿ ಶಾಂತಿ ಸಭೆ ಕರೆದರು. ಗುಡಿಯ ಮುಂದೆ ಶಾಮಿಯಾನ, ಕುರ್ಚಿ. ಸಂವಿಧಾನದ ಪೀಠಿಕೆ ಓದಿಸಿದರು. ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇರಬೇಕು ಅಂದರು. ಊರ ಹಿರಿಯರು ಒಪ್ಪಿದರು. ಆಮೇಲೆ ಎಲ್ಲರೂ ಅಂಗಡಿಗೆ ನಡೆದರು. ಕೇರಿಯ ಒಬ್ಬ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಕಟಿಂಗ್ ಮಾಡಿಸಿದರು. ಫೋಟೋ ಆಯಿತು. ಸಮಸ್ಯೆ ಬಗೆಹರಿದಿದೆ ಎಂದು ವರದಿ ಹೋಯಿತು.

ಮರುದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ರಿಪೇರಿ ಅಂದರು. ವಾರ ಕಳೆದರೂ ರಿಪೇರಿ ಮುಗಿಯಲಿಲ್ಲ.

ಆ ಸಭೆಯಲ್ಲಿ ನಡೆದ ಎರಡು ಸಂಗತಿಗಳನ್ನು ನಾನು ಆಮೇಲೆ ಕೇರಿಯವರಿಂದ ಕೇಳಿ ತಿಳಿದೆ. ಒಂದು, ಕೇರಿಯವರು ಗುಡಿಯ ಕಟ್ಟೆಯ ಕೆಳಗೆ ನಿಂತಿದ್ದರು, ಅವರಿಗೆ ಕುರ್ಚಿ ಇರಲಿಲ್ಲ. ಭೇದ ಬಿಡಿಸಲು ಕರೆದ ಸಭೆಯಲ್ಲೇ ಭೇದ ಕಣ್ಣಿಗೆ ಹೊಡೆಯುವಂತೆ ಇತ್ತು. ಎರಡು, ಊರಿನ ಎಲ್ಲರ ಮುಂದೆ ಹನುಮಂತನನ್ನು ಕರೆದು "ಇನ್ನು ತೃಪ್ತಿ ಆಯ್ತಾ?" ಅಂತ ಕೇಳಿದರು. ಮೂರು ನೂರು ಜನ ನೋಡುತ್ತಿರುವಾಗ ಆ ಹುಡುಗ ಬೇರೆ ಏನು ಹೇಳಬೇಕಿತ್ತು? ಹೂಂ ಅಂದ. ಅದನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಆ ಸಹಿ ಮುಂದೆ ಅವನಿಗೇ ಮುಳ್ಳಾಯಿತು.

ಶಾಂತಿ ಸಭೆಯೇ ತಪ್ಪು ಅಂತ ನಾನು ಹೇಳುವುದಿಲ್ಲ. ದೂರು ಕೊಟ್ಟವನನ್ನು ಒಂದು ಪಕ್ಷವಾಗಿ, ಅವಮಾನ ಮಾಡಿದವರನ್ನು ಇನ್ನೊಂದು ಪಕ್ಷವಾಗಿ ಸಮ ಸಮ ನಿಲ್ಲಿಸಿ ರಾಜಿ ಮಾಡಿಸುವುದು ಖಂಡಿತ ತಪ್ಪು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿ, ಅದರ ಆಚರಣೆಯನ್ನು ಅಪರಾಧ ಎಂದಿದೆ. 1955ರಿಂದ ಅದಕ್ಕೆ ಕಾಯ್ದೆ ಇದೆ. 1976ರಲ್ಲಿ ಆ ಕಾಯ್ದೆಯನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರಿಟ್ಟರು. ಅಪರಾಧಕ್ಕೆ ಎರಡು ಪಕ್ಷಗಳ ನಡುವಿನ ಮನಸ್ತಾಪ ಎಂಬ ಬಣ್ಣ ಹಚ್ಚಿದರೆ ತಪ್ಪು ಮಾಡಿದವನಿಗೆ ಧೈರ್ಯ ಬರುತ್ತದೆ.

ಬಾಗಿಲು ಮುಚ್ಚಿದ ಮೇಲೆ

ಅಂಗಡಿ ಮುಚ್ಚಿದ್ದರಿಂದ ಇಡೀ ಊರಿಗೆ ತೊಂದರೆ ಆಯಿತು. ಆ ಸಿಟ್ಟು ತಿರುಗಿದ್ದು ಕೇರಿಯ ಮೇಲೆ. "ಇವರ ಸಲುವಾಗಿ ಊರಿಗೆ ಅಂಗಡಿ ಇಲ್ಲದಂಗಾತು" ಎಂಬ ಮಾತು ಹಬ್ಬಿತು. ಹೋಟೆಲ್‌ಗಳು ಲೋಟ ತೆಗೆದು ಎಲ್ಲರಿಗೂ ಪೇಪರ್ ಕಪ್ ಮಾಡಿದವು. ಆಮೇಲೆ ಒಂದೊಂದೇ ಬಾಗಿಲು ಮುಚ್ಚತೊಡಗಿತು. ಹತ್ತಿ ಬಿಡಿಸಲು ಕೇರಿಯ ಹೆಂಗಸರನ್ನು ಕರೆಯುವುದು ನಿಂತಿತು. ಕಿರಾಣಿ ಅಂಗಡಿಯಲ್ಲಿ ಕೇಳಿದ್ದೆಲ್ಲ "ಇಲ್ಲ" ಆಯಿತು. ಟಂಟಂ ಹಳ್ಳದ ಹತ್ತಿರ ನಿಲ್ಲದೆ ಮುಂದೆ ಹೋಯಿತು.

ದುರ್ಗವ್ವ ಮಗನ ಜೊತೆ ಠಾಣೆಗೆ ಹೋದರು. ಅಲ್ಲಿ ಕೇಳಿದ ಪ್ರಶ್ನೆ ಇದು: "ಅಂಗಡಿ ಮುಚ್ಚಿದ್ದಕ್ಕೆ, ಕೂಲಿಗೆ ಕರೀದೆ ಇದ್ದದ್ದಕ್ಕೆ ಯಾವ ಕೇಸ್ ಹಾಕ್ಲಿ? ಹೊಡೆದಾರೇನು?" ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟು ಕಳಿಸಿದರು. ಜೊತೆಗೆ ಶಾಂತಿ ಸಭೆಯ ಸಹಿಯನ್ನೂ ನೆನಪಿಸಿದರು.

ಆ ಪ್ರಶ್ನೆಗೆ ಕಾಯ್ದೆಯಲ್ಲಿ ನೇರ ಉತ್ತರ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಅಂದರೆ ಏನು ಎಂದು ಬರೆದೇ ಸೇರಿಸಿದರು. ಕೂಲಿಗೆ ಕರೆಯದಿರುವುದು, ವ್ಯವಹಾರ ನಿಲ್ಲಿಸುವುದು, ರೂಢಿಯ ಸೇವೆ ಸಿಗದಂತೆ ಮಾಡುವುದು ಎಲ್ಲ ಅದರಲ್ಲಿ ಬರುತ್ತದೆ. 3(1)ನೇ ಕಲಮಿನ ಝಡ್‌ಸಿ ಉಪಕಲಂ ಪ್ರಕಾರ ಬಹಿಷ್ಕಾರ ಹಾಕುವುದು ಮಾತ್ರವಲ್ಲ, ಹಾಕುತ್ತೇವೆ ಎಂದು ಬೆದರಿಸುವುದೂ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಈ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ.

ಹಾಗಾದರೆ ಕಷ್ಟ ಎಲ್ಲಿ? ಸಾಬೀತು ಮಾಡುವುದರಲ್ಲಿ. ಒಬ್ಬ ರೈತ "ಈ ಸಲ ನನಗೆ ಆಳು ಬೇಡ" ಅಂದರೆ ಅದು ಅವನಿಷ್ಟ. ಅಂಗಡಿಯವನು "ರಿಪೇರಿ" ಅಂದರೆ ಅದೂ ಅವನಿಷ್ಟ. ಬಿಡಿ ಬಿಡಿಯಾಗಿ ನೋಡಿದರೆ ಯಾವುದೂ ಅಪರಾಧದ ಹಾಗೆ ಕಾಣುವುದಿಲ್ಲ. ಎಲ್ಲ ಸೇರಿ ಒಂದೇ ಕಟ್ಟುಪಾಡು ಎಂದು ತೋರಿಸಬೇಕು.

ಬಸ್ಸಿನಲ್ಲಿ ಬಂದ ಇನ್‌ಸ್ಪೆಕ್ಟರ್

ಅರ್ಜಿಯ ಪ್ರತಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಹೋಗಿತ್ತು. ಡಿಸಿಆರ್‌ಇ ಅಂತ ಕರೆಯುವ ಈ ಪೊಲೀಸ್ ವಿಭಾಗವನ್ನು ಬಹಳ ಜನ ಸುಳ್ಳು ಜಾತಿ ಪ್ರಮಾಣಪತ್ರ ಹಿಡಿಯುವ ಕಚೇರಿ ಅಂತಲೇ ತಿಳಿದಿರುತ್ತಾರೆ. ಆದರೆ ಪರಿಶಿಷ್ಟರ ಮೇಲಿನ ದೌರ್ಜನ್ಯದ ಅರ್ಜಿಗಳನ್ನು ವಿಚಾರಿಸುವುದು, ಠಾಣೆಗಳು ಕೇಸು ಸರಿಯಾಗಿ ನಡೆಸುತ್ತಿವೆಯೇ ಎಂದು ಬೆನ್ನು ಹತ್ತುವುದು ಅದರ ದೊಡ್ಡ ಕೆಲಸ. ಜಿಲ್ಲೆಗೊಂದು ಡಿಸಿಆರ್‌ಇ ಠಾಣೆ ಎಂಬ ವ್ಯವಸ್ಥೆ ಬಂದದ್ದು 2025ರಲ್ಲಿ. ನಮ್ಮ ಪ್ರಕರಣ ಶುರುವಾದಾಗ ಅವರು ತಾವೇ ಎಫ್‌ಐಆರ್ ದಾಖಲಿಸುವಂತಿರಲಿಲ್ಲ. ವಿಚಾರಣೆ ಮಾಡಿ ಸ್ಥಳೀಯ ಠಾಣೆಗೆ ಬರೆಯಬೇಕಿತ್ತು.

ಬಂದ ಇನ್‌ಸ್ಪೆಕ್ಟರ್ ಜೀಪು ತರಲಿಲ್ಲ, ಸಮವಸ್ತ್ರ ಹಾಕಿರಲಿಲ್ಲ. ಬಸ್ಸಿಳಿದು ಹಳ್ಳ ದಾಟಿ ನೇರ ಕೇರಿಗೆ ಬಂದರು. "ಇಲ್ಲಿ ಅಸ್ಪೃಶ್ಯತೆ ಐತೇನ್ರಿ?" ಅಂತ ಯಾರನ್ನೂ ಕೇಳಲಿಲ್ಲ. ಆ ಪ್ರಶ್ನೆಗೆ ಹಳ್ಳಿಯಲ್ಲಿ ಉತ್ತರ ಸಿಗುವುದಿಲ್ಲ. ಸಿಕ್ಕರೂ "ಇಲ್ರಿ" ಅನ್ನುವ ಉತ್ತರವೇ ಸಿಗುತ್ತದೆ. ಅವರು ಮನೆ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದ್ದು ಬೇರೆ. ಹೋದ ವರ್ಷ ಯಾರ ಹೊಲದ ಹತ್ತಿ ಬಿಡಿಸಿದಿರಿ? ಈ ವರ್ಷ ಅವರು ಕೊನೆಗೆ ಕರೆದದ್ದು ಯಾವತ್ತು? ಸಾಬೂನು ಎಲ್ಲಿಂದ ತಂದಿರಿ? ಕೂಸಿಗೆ ಜ್ವರ ಬಂದಾಗ ದವಾಖಾನೆಗೆ ಹೇಗೆ ಹೋದಿರಿ?

ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದರು. ಮನೆ, ಕರೆಯುತ್ತಿದ್ದ ರೈತ, ಕೊನೆಯ ಕೂಲಿಯ ದಿನ, ಕಿರಾಣಿಯವರು ಕೊನೆಗೆ ಕೊಟ್ಟ ದಿನ. ಹೆಂಗಸರು ದಿನಾಂಕ ಹೇಳುವುದಿಲ್ಲ, "ಸಂತಿ ದಿನ", "ಅಮಾಸಿ ಆಗಿ ಎರಡು ದಿನಕ್ಕ" ಅಂತ ಹೇಳುತ್ತಾರೆ. ಅದನ್ನೂ ಹಾಗೇ ಬರೆದುಕೊಂಡು ಕ್ಯಾಲೆಂಡರಿಗೆ ಹೊಂದಿಸಿದರು. ಸಂಜೆ ಹೊತ್ತಿಗೆ ಆ ಹಾಳೆ ಎಲ್ಲವನ್ನೂ ಹೇಳುತ್ತಿತ್ತು. ಬೇರೆ ಬೇರೆ ಮನೆ, ಬೇರೆ ಬೇರೆ ರೈತರು, ಬೇರೆ ಬೇರೆ ಅಂಗಡಿಗಳು. ನಿಂತ ದಿನ ಮಾತ್ರ ಹೆಚ್ಚು ಕಡಿಮೆ ಒಂದೇ. ಅದು ಗುಡಿಯ ಕಟ್ಟೆಯ ಮೇಲೆ ಊರ ಹಿರಿಯರು ಕೂಡಿದ ರಾತ್ರಿಯ ಮರುದಿನ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣ ತಿರುಗಿದ್ದು ಅಲ್ಲಿಂದ. ಯಾವ ಸಾಕ್ಷಿಯೂ ಹೆದರಿ ಮಾತು ಬದಲಿಸುವ ಮುಂಚೆ, ಯಾರಿಗೂ ತಾನು ಸಾಕ್ಷಿ ಹೇಳುತ್ತಿದ್ದೇನೆ ಅಂತ ಅನ್ನಿಸದ ಹಾಗೆ ಕಟ್ಟುಪಾಡಿನ ಲೆಕ್ಕ ಕಾಗದಕ್ಕೆ ಇಳಿದಿತ್ತು.

ಎರಡನೆಯ ಸಾಕ್ಷ್ಯ ಹನುಮಂತನ ಫೋನಿಗೆ ಬಂದ ಒಂದು ವಾಯ್ಸ್ ಮೆಸೇಜ್. ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು. ಕೇರಿಯವರನ್ನು ಕೆಲಸಕ್ಕೆ ಕರೆದರೆ ದಂಡ ಹಾಕುತ್ತೇವೆ ಅಂತ ಅದರಲ್ಲಿ ಹೇಳಿತ್ತು, ಜೊತೆಗೆ ಜಾತಿ ಹಿಡಿದು ಬೈದ ಮಾತುಗಳೂ ಇದ್ದವು. ಅದನ್ನು ಕಳಿಸಿಕೊಟ್ಟವನು ಆ ಗುಂಪಿನಲ್ಲೇ ಇದ್ದ, ಬಹಿಷ್ಕಾರ ಹಾಕಿದವರ ಜಾತಿಯವನೇ ಆದ, ಹನುಮಂತನ ಜೊತೆ ಹೈಸ್ಕೂಲಿಗೆ ಹೋದ ಹುಡುಗ. ಯಾರು ಅಂತ ನಾನು ಇನ್ನೇನೂ ಬರೆಯುವುದಿಲ್ಲ.

ಇನ್‌ಸ್ಪೆಕ್ಟರ್ ತಕ್ಷಣ ಹೇಳಿದ ಮಾತು ಎಲ್ಲರಿಗೂ ಉಪಯೋಗವಾಗುವಂಥದ್ದು. ಆ ಮೆಸೇಜನ್ನು ಅಳಿಸಬೇಡ, ಫೋನ್ ಮಾರಬೇಡ, ರೀಸೆಟ್ ಮಾಡಬೇಡ, ಸ್ಟೇಟಸ್‌ಗೆ ಹಾಕಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು. ಮೂಲ ಫೋನ್ ಇದ್ದರೆ ಅದು ಸುಲಭ. ಹನುಮಂತನಿಗೆ ಆ ಮೆಸೇಜನ್ನು ಫೇಸ್‌ಬುಕ್ಕಿಗೆ ಹಾಕಿ ಊರಿನ ಬಣ್ಣ ಬಯಲು ಮಾಡಬೇಕು ಅನ್ನುವ ಸಿಟ್ಟು ಇತ್ತು. ಹಾಕಲಿಲ್ಲ. ಆ ತಾಳ್ಮೆ ಅವನಿಗೆ ಎಷ್ಟು ಕಷ್ಟವಾಯಿತು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಮಿತಿಯಲ್ಲಿ ಮೂರು ದಾರಿ

ವಿಷಯ ನಮ್ಮ ಸಮಿತಿಯ ಮುಂದೆ ಬಂದಾಗ ಮೂರು ಸಲಹೆ ಬಂದವು. ಇನ್ನೊಂದು ಶಾಂತಿ ಸಭೆ ಮಾಡೋಣ ಎನ್ನುವುದು ಮೊದಲನೆಯದು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಎರಡನೆಯದು ಬಹಳ ಹೊತ್ತು ತೆಗೆದುಕೊಂಡಿತು. ಕೇರಿಗೇ ಒಂದು ಕಟಿಂಗ್ ಅಂಗಡಿ ಹಾಕಿಸೋಣ, ಹೊರಗಿನಿಂದ ಒಬ್ಬರನ್ನು ಕರೆಸೋಣ, ಪಂಚಾಯ್ತಿಯಿಂದ ಸ್ವಲ್ಪ ನೆರವು ಕೊಡೋಣ ಎಂದು ಒಬ್ಬ ಅಧಿಕಾರಿ ಹೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇರಿಯ ಒಬ್ಬ ಹಿರಿಯರೂ "ಮಾಡ್ರಿ ಸಾಹೇಬ್ರ, ನಮಗೂ ತಲಿನೋವು ಕಮ್ಮಿ ಆಕ್ಕೈತಿ" ಅಂದರು. ಹನುಮಂತ ಎದ್ದು, "ಯಜ್ಜಾ, ನಾಳೆ ಹೋಟ್ಲೂ ಕೇರಿಗೆ ಒಂದು, ಗುಡೀನೂ ಕೇರಿಗೆ ಒಂದು ಅಂತಾರ. ಆಗ ಏನ್ ಮಾಡೂಣು?" ಅಂದ. ಉಪವಿಭಾಗಾಧಿಕಾರಿ ಆ ಸಲಹೆಯನ್ನು ಕೈಬಿಟ್ಟರು. ಸರ್ಕಾರದ ದುಡ್ಡಿನಿಂದಲೇ ಬೇರೆ ಅಂಗಡಿ ಹಾಕಿದರೆ ಈ ಭೇದವನ್ನು ಸರ್ಕಾರವೇ ಒಪ್ಪಿದಂತೆ ಆಗುತ್ತದೆ ಎಂದು ನಡಾವಳಿಯಲ್ಲಿ ಬರೆಸಿದರು. ಆ ಸಾಲು ಬರೆಸಿದ್ದು ಬಹಳ ಒಳ್ಳೆಯದಾಯಿತು. ಪಕ್ಕದ ಹೋಬಳಿಯಿಂದ ಇಂಥದೇ ಸಲಹೆ ಬಂದಾಗ ಅದನ್ನೇ ತೋರಿಸಿದೆವು.

ಮೂರನೆಯದು ಕೇಸು. ಅಲ್ಲಿ ದುರ್ಗವ್ವ ಕೇಳಿದ ಪ್ರಶ್ನೆ ಇಡೀ ಯೋಜನೆಯನ್ನೇ ಬದಲಿಸಿತು. "ಕೇಸ್ ಹಾಕೂಣ್ರಿ. ಕೇಸ್ ಹಾಕಿದ ಮ್ಯಾಲ ನಾವು ಉಣ್ಣೂದೇನು?"

ಇದು ಹಸಿವಿನ ಲೆಕ್ಕ. ಬಹಿಷ್ಕಾರದ ಕೇಸುಗಳಲ್ಲಿ ದೂರು ಕೊಟ್ಟವರು ಹಿಂದೆ ಸರಿಯುವುದಕ್ಕೆ ಹೆದರಿಕೆಯಷ್ಟೇ ಕಾರಣವಲ್ಲ. ಕೂಲಿ ಇಲ್ಲದೆ ವಾರಗಳು ಕಳೆದರೆ ಎಂಥ ಗಟ್ಟಿ ಮನುಷ್ಯನೂ ಬಾಗುತ್ತಾನೆ. ಹಾಗಾಗಿ ಎರಡೂ ಕೆಲಸ ಒಂದೇ ದಿನ ಆಗಬೇಕೆಂದು ತೀರ್ಮಾನವಾಯಿತು. ಬೆಳಿಗ್ಗೆ ಕೇರಿಯ ಮನೆಗಳವರು ಪಂಚಾಯ್ತಿಗೆ ಹೋಗಿ ಉದ್ಯೋಗ ಖಾತ್ರಿಯ ನಮೂನೆ 6 ತುಂಬಿಕೊಟ್ಟು ರಸೀದಿ ಪಡೆದರು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು ಆ ಕಾಯ್ದೆಯಲ್ಲಿತ್ತು. ಬದು ನಿರ್ಮಾಣದ ಕೆಲಸ ಬೇಗನೆ ಶುರುವಾಯಿತು. ಅದೇ ದಿನ ಮಧ್ಯಾಹ್ನ ದೂರು ಠಾಣೆಗೆ ಹೋಯಿತು.

ಠಾಣೆಯಲ್ಲಿ ಈ ಸಲವೂ "ಮೊದಲು ವಿಚಾರಣೆ ಮಾಡ್ತೀವಿ" ಎಂಬ ಮಾತು ಬಂತು. ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದ ಸರ್ಕಾರಿ ನೌಕರನ ಮೇಲೆ 4ನೇ ಕಲಮಿನಡಿ ಕ್ರಮ ಇದೆ. ಡಿಸಿಆರ್‌ಇಯವರು ಬರೆದ ಪತ್ರದಲ್ಲಿ ಈ ಎರಡೂ ಕಲಂ ಇದ್ದವು, ಆ ಗೆರೆ ಹಾಕಿದ ಹಾಳೆಯ ಪ್ರತಿಯೂ ಇತ್ತು. ಅಂದೇ ಎಫ್‌ಐಆರ್ ಆಯಿತು. ಜಾತಿ ಹಿಡಿದು ಬೈದದ್ದು, ಅಂಗಡಿಗೆ ಬಿಡದಿದ್ದದ್ದು, ದ್ವೇಷ ಹಬ್ಬಿಸಿದ್ದು, ಬಹಿಷ್ಕಾರ ಹೀಗೆ ಬೇರೆ ಬೇರೆ ಉಪಕಲಂ ಹಾಕಿದರು. ನಿಯಮದ ಪ್ರಕಾರ ತನಿಖೆ ಡಿವೈಎಸ್ಪಿ ದರ್ಜೆಯವರಿಗೆ ಹೋಯಿತು.

ಅಂಗಡಿಯಾತ ಆರೋಪಿಯೋ, ಸಾಕ್ಷಿಯೋ?

ಈ ಪ್ರಕರಣದಲ್ಲಿ ನನಗೆ ಬಹಳ ಕಾಡಿದ ತೀರ್ಮಾನ ಇದು. ದೂರಿನಲ್ಲಿ ಹನುಮಂತ ಅಂಗಡಿಯಾತನ ಹೆಸರನ್ನೂ ಬರೆದಿದ್ದ. "ಮಾತು ಬಂದದ್ದು ಅವನ ಬಾಯಿಂದ. ಅವಮಾನ ಆಗಿದ್ದು ನನಗ" ಅಂದ. ಅದು ನ್ಯಾಯವಾದ ಮಾತು. ಸೇವೆ ನಿರಾಕರಿಸುವುದು ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಅಪರಾಧವೇ.

ಡಿಸಿಆರ್‌ಇ ಇನ್‌ಸ್ಪೆಕ್ಟರ್ ಅಷ್ಟರಲ್ಲಿ ಅಂಗಡಿಯಾತನ ಮನೆಗೆ ಹೋಗಿ ಬಂದಿದ್ದರು. ಅವನ ಹೆಂಡತಿ ಅಳುತ್ತಾ, ಅಂಗಡಿ ಮುಚ್ಚಿದ ದಿನದಿಂದ ತಮ್ಮ ಮನೆಯಲ್ಲೂ ಒಲೆ ಸರಿಯಾಗಿ ಉರಿದಿಲ್ಲ ಅಂದಿದ್ದಳು. ತೆರೆದರೆ ಜಾಗ ಖಾಲಿ ಮಾಡಿಸುತ್ತೇವೆ, ಆಯ ಕೊಡುವುದಿಲ್ಲ ಎಂದು ಇಬ್ಬರು ಹೇಳಿ ಹೋಗಿದ್ದರಂತೆ. ಅಂಗಡಿಯಾತ ಇದನ್ನು ನ್ಯಾಯಾಧೀಶರ ಮುಂದೆ ಹೇಳಿದರೆ ಒತ್ತಡ ಹಾಕಿದವರು ಸಿಗುತ್ತಾರೆ. ಅವನನ್ನು ಜೈಲಿಗೆ ಹಾಕಿದರೆ ಅವನ ಬಾಯಿ ಮುಚ್ಚಿತು, ಹಿಂದೆ ನಿಂತವರು ಉಳಿದರು. ಹೊಸ ದಂಡ ಪ್ರಕ್ರಿಯೆ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ಅವನ ಹೇಳಿಕೆ ದಾಖಲಾಯಿತು. ಕೊನೆಗೆ ಚಾರ್ಜ್‌ಶೀಟಿನಲ್ಲಿ ಅವನು ಸಾಕ್ಷಿಯಾದ.

ಹನುಮಂತ ಇದನ್ನು ಇವತ್ತಿಗೂ ಒಪ್ಪುವುದಿಲ್ಲ. ನಾನು ತನಿಖಾಧಿಕಾರಿಯ ತೀರ್ಮಾನದ ಪರ ಇದ್ದೇನೆ. ಆದರೆ ಅವನಿಗೆ "ದೊಡ್ಡ ಮನಸ್ಸು ಮಾಡು" ಅಂತ ಹೇಳುವ ಹಕ್ಕು ನನಗಿಲ್ಲ, ಯಾವ ಅಧಿಕಾರಿಗೂ ಇಲ್ಲ. ಇಂಥ ತೀರ್ಮಾನ ಮಾಡುವಾಗ ದೂರುದಾರನಿಗೆ ಮುಂಚೆಯೇ ಕೂರಿಸಿ ಕಾರಣ ಹೇಳಬೇಕು. ಕೇಸಿನ ಪ್ರತಿ ಹಂತದಲ್ಲಿ ಮಾಹಿತಿ ಪಡೆಯುವುದು, ತನ್ನ ಮಾತು ಹೇಳುವುದು 15ಎ ಕಲಂ ಅವನಿಗೆ ಕೊಟ್ಟ ಹಕ್ಕು. ಇಲ್ಲಿ ಅವನಿಗೆ ಗೊತ್ತಾದದ್ದು ಚಾರ್ಜ್‌ಶೀಟ್ ಆದ ಮೇಲೆ.

ಆಮೇಲೆ ಆದದ್ದು

ಈ ಕಾಯ್ದೆಯಲ್ಲಿ ನಿರೀಕ್ಷಣಾ ಜಾಮೀನಿಗೆ ತಡೆ ಇದೆ. ಬೆದರಿಸಿದ ಇಬ್ಬರನ್ನು ಮತ್ತು ವಾಯ್ಸ್ ಮೆಸೇಜ್ ಹಾಕಿದವನನ್ನು ಬಂಧಿಸಿದರು. ಆ ವಾರ ಊರು ಬಿಗಿಯಾಗಿತ್ತು. ಹಳ್ಳದ ಹತ್ತಿರ ಪೊಲೀಸರು ಕಾವಲು ಕೂತರು. ರಾಜಿಯ ಮಾತು ದುರ್ಗವ್ವನ ತವರಿನವರ ಮೂಲಕ ಬಂತು. "ಊರಿನ ಮಾನ ಉಳಿಸವ್ವ" ಅಂದರು. ಆಕೆ, "ನಮ್ಮ ಮಾನ ಹೋದಾಗ ಯಾರೂ ಬರಲಿಲ್ಲಲ್ಲಪ್ಪಾ" ಅಂದು ಒಳಗೆ ಹೋದರು.

ಬಂಧನವಾದ ಕೆಲವೇ ದಿನಗಳಲ್ಲಿ ಕಟಿಂಗ್ ಅಂಗಡಿ ತೆರೆಯಿತು. ಅಂಗಡಿಯಾತ ಈಗ ಎಲ್ಲರಿಗೂ ಹೇಳುವ ಮಾತು ಒಂದೇ: "ಕೇಸ್ ಆಗೇತ್ರಿ, ನಾ ಏನ್ ಮಾಡ್ಲಿ? ಎಲ್ಲಾರಿಗೂ ಮಾಡ್ಬೇಕು." ಆ ಮಾತಿನಲ್ಲಿ ದೂರು ಕಾಣುತ್ತದೆ, ಆದರೆ ಅವನ ಮುಖದಲ್ಲಿ ನೆಮ್ಮದಿ ಇದೆ. ಹಿರಿಯರಿಗೆ ಇಲ್ಲ ಅನ್ನಲು ಅವನಿಗೆ ಒಂದು ನೆವ ಬೇಕಿತ್ತು, ಕಾಯ್ದೆ ಅದನ್ನು ಕೊಟ್ಟಿತು. ಭೇದ ಮಾಡುವವರನ್ನು ಹಿಡಿಯುವುದರಷ್ಟೇ, ಭೇದ ಬಿಡಲು ಮನಸ್ಸಿದ್ದೂ ಧೈರ್ಯ ಇಲ್ಲದವರಿಗೆ ಆಸರೆ ಕೊಡುವುದೂ ಡಿಸಿಆರ್‌ಇಯಂಥ ಇಲಾಖೆಯ ಕೆಲಸ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕೂಲಿ ತಿರುಗಿ ಬಂದದ್ದಕ್ಕೆ ಕೇಸು ಅರ್ಧ ಕಾರಣ. ಇನ್ನರ್ಧ ಕಾರಣ ಕಡಲೆ. ಹೊರಗಿನ ಊರುಗಳಿಂದ ಆಳು ತರಿಸಿದ ರೈತರಿಗೆ ಗಾಡಿ ಬಾಡಿಗೆ, ಹೆಚ್ಚಿನ ಕೂಲಿ ಎರಡೂ ಬಿದ್ದವು. ಕಟ್ಟುಪಾಡಿನಿಂದ ಒಳಗೊಳಗೇ ಬೇಸತ್ತವರು ಮೊದಲು ರಾತ್ರಿ ಬಂದು ಕರೆದರು, ಆಮೇಲೆ ಹಗಲಲ್ಲೇ ಬಂದರು. ಎಲ್ಲರೂ ಬಂದಿಲ್ಲ. ಕೆಲವು ಮನೆತನಗಳು ಈಗಲೂ ಕರೆಯುವುದಿಲ್ಲ.

60 ದಿನದೊಳಗೆ ಚಾರ್ಜ್‌ಶೀಟ್ ಆಯಿತು. ಕೇಸು ಕೊಪ್ಪಳದ ವಿಶೇಷ ನ್ಯಾಯಾಲಯದಲ್ಲಿದೆ. ಜಾತಿ ನಿಂದನೆಗೆ ನಿಯಮದಲ್ಲಿರುವ ಒಂದು ಲಕ್ಷ ರೂಪಾಯಿ ಪರಿಹಾರದಲ್ಲಿ ಎಫ್‌ಐಆರ್ ಹಂತದ ಕಾಲು ಭಾಗ ಸಮಾಜ ಕಲ್ಯಾಣ ಇಲಾಖೆಯಿಂದ ಬಂತು. ಚಾರ್ಜ್‌ಶೀಟ್ ಆದಾಗ ಬರಬೇಕಾದ ಅರ್ಧ ಭಾಗಕ್ಕೆ ಸಮಿತಿಯಲ್ಲಿ ಮತ್ತೆ ಮತ್ತೆ ಕೇಳಬೇಕಾಯಿತು.

ಮರುಭೇಟಿಯ ಬಗ್ಗೆ ಒಂದು ಮಾತು. ಅಧಿಕಾರಿಗಳ ಒಂದು ತಂಡ ಅಂಗಡಿ ನೋಡಲು ಬಂದದ್ದು ಮಂಗಳವಾರ. ಮಂಗಳವಾರ ನಮ್ಮ ಕಡೆ ಕಟಿಂಗ್ ಅಂಗಡಿಗಳಿಗೆ ರಜೆ. ಭಾನುವಾರ ಬೆಳಿಗ್ಗೆ, ಬೆಂಚು ತುಂಬಿರುವಾಗ, ಹೇಳದೆ ಬಂದು ಹತ್ತು ನಿಮಿಷ ನಿಂತರೆ ಎಲ್ಲ ತಿಳಿಯುತ್ತದೆ. ಕೇರಿಯವರು ಬಂದಾರೆಯೇ, ಸರದಿಯಲ್ಲಿ ಕೂತಿದ್ದಾರೆಯೇ, ಅದೇ ಬಟ್ಟೆ ಹೊದಿಸುತ್ತಾರೆಯೇ, ಅದೇ ಕತ್ತರಿಯೇ. ಡಿಸಿಆರ್‌ಇಯವರು ಹಾಗೆ ಬಂದು ನೋಡಿದರು. ಅಂಗಡಿಯ ಮಟ್ಟಿಗೆ ಬದಲಾವಣೆ ನಿಜವಾದದ್ದು.

ಹೋಟೆಲಿನ ಮಟ್ಟಿಗೆ ಅಲ್ಲ. ವರದಿಯಲ್ಲಿ "ಪ್ರತ್ಯೇಕ ಲೋಟ ಪದ್ಧತಿ ನಿಂತಿದೆ" ಎಂದು ಬರೆದಿದ್ದಾರೆ. ಅದು ಸುಳ್ಳಲ್ಲ. ಎಲ್ಲರಿಗೂ ಪೇಪರ್ ಕಪ್ ಬಂದ ಮೇಲೆ ಪ್ರತ್ಯೇಕ ಲೋಟ ಎಲ್ಲಿಂದ ಬರಬೇಕು? ಆದರೆ ಕೇರಿಯವರು ಈಗಲೂ ಆ ಪೇಪರ್ ಕಪ್ ಹಿಡಿದು ಹೊರಗೆ ನಿಂತೇ ಕುಡಿಯುತ್ತಾರೆ. ಒಳಗೆ ಬೆಂಚು ಖಾಲಿ ಇದ್ದಾಗಲೂ ಅಷ್ಟೆ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಬಾ ಅನ್ನುವುದಿಲ್ಲ. ಇದರ ಮೇಲೆ ದೂರು ಇಲ್ಲ, ವಾಯ್ಸ್ ಮೆಸೇಜ್ ಇಲ್ಲ.

ಸಮಿತಿಯ ಮುಂದಿನ ಸಭೆಯಲ್ಲಿ ನಾವು ಲೋಟ ಎಣಿಸುವುದನ್ನು ಬಿಟ್ಟು ಬೆಂಚು ನೋಡಬೇಕೆಂದು ಬರೆಸಿದ್ದೇವೆ. ಈ ಊರು ಮತ್ತು ಅಕ್ಕಪಕ್ಕದ ಊರುಗಳ ಹೋಟೆಲ್‌ಗಳಲ್ಲಿ ಕೇರಿಯವರು ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಸಂತೆಯ ದಿನ ನೋಡಿ ಬರೆದುಕೊಂಡು ಬರುವ ಕೆಲಸ ಇನ್‌ಸ್ಪೆಕ್ಟರ್ ಮತ್ತು ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಬಿದ್ದಿದೆ. ಹನುಮಂತ ಬೆಂಗಳೂರಿಗೆ ವಾಪಸ್ ಹೋಗಿದ್ದಾನೆ. ಸಾಕ್ಷಿ ಹೇಳಲು ಬಂದು ಹೋಗುವ ಖರ್ಚು, ಆ ದಿನದ ಭತ್ಯೆ ನಿಯಮದ ಪ್ರಕಾರ ಅವನಿಗೆ ಸಿಗಬೇಕು. ಅದರ ಅರ್ಜಿಯನ್ನು ದುರ್ಗವ್ವ ತಾವೇ ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡು ಬಂದಿದ್ದಾರೆ.